ಮೂರು ಕೆಮ್ಮಿನ ಪರದೆ

ಆ ಮಾತ್ರೆ ಅಂಗಿಯ ತೋಳಿನ ಗುಂಡಿಗಿಂತ ಚಿಕ್ಕದು. ಬಣ್ಣವೂ ಅಂಥಾ ಹೇಳಿಕೊಳ್ಳುವಂಥದ್ದಲ್ಲ. ಪಿಸುಮಾಮ ಅದನ್ನು ಬೆಳಿಗ್ಗೆ ಎದ್ದು ನೀರಿನ ಜೊತೆ ನುಂಗಿದರು, ಲೋಟ ಕೆಳಗಿಟ್ಟರು, ಕನ್ನಡಿಯ ಮುಂದೆ ನಿಂತು ಎದೆ ಸೆಟೆಸಿ ಶುರುಮಾಡಿದರು:

"ದೊರೆಯೇ, ಎಲ್ಲರೂ ಹೋದರು. ಇನ್ನು ದೀಪ... ಖೊಕ್!"

"ದೀಪ ಖೊಕ್ ಅಂತ ಬರೆದಿಲ್ಲ ರೀ ಅದರಲ್ಲಿ" ಎಂದಳು ಹೆಂಡತಿ ಅಡುಗೆಮನೆಯಿಂದ. "ಆರಿಸಲೇ ಅಂತ ಇದೆ."

"ನನಗೆ ಗೊತ್ತಿಲ್ವೇನೇ? ಖೊಕ್... ಖೊಕ್."

ಅವರ ಕಸುಬು ಕನ್ನಡಕ ರಿಪೇರಿ. ಪಿಸುಮಾಮ ಎಂಬ ಹೆಸರು ಬಂದದ್ದು ಮಾತ್ರ ನಾಟಕದಿಂದ. ಬೀದಿಯ ತುದಿಯ ಹಳೇ ನಾಟಕದ ಮನೆಯಲ್ಲಿ, ಮೀಸೆ ಚಿಗುರಿದ ಕಾಲದಿಂದಲೂ, ವೇದಿಕೆಯ ಪಕ್ಕದ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದವರು ಅವರು. ನಿಲ್ಲುತ್ತಿದ್ದ ಜಾಗ ಹೇಗಿತ್ತೆಂದರೆ ನಟರ ಮುಖ ಕಾಣದು, ಬಲಗಿವಿ ಮಾತ್ರ ಕಾಣುವುದು. ಹಾಗಾಗಿ ಬೀದಿಯಲ್ಲಿ ಎದುರಾದವರನ್ನು ಅವರು ಒಮ್ಮೊಮ್ಮೆ ಗುರುತು ಹಿಡಿಯುತ್ತಿರಲಿಲ್ಲ, ಪಕ್ಕದಲ್ಲಿ ಹಾದುಹೋದರೆ ತಟ್ಟನೆ ತಿರುಗಿ, "ಏನಪ್ಪಾ, ಸೇನಾಪತಿ!" ಎನ್ನುತ್ತಿದ್ದರು.

ಎಲ್ಲರ ಬಾಯಿಗೂ ಮಾತು ಹಾಕಿದ ಮನುಷ್ಯನಿಗೆ ತನ್ನದೆಂಬ ಒಂದು ಮಾತೂ ವೇದಿಕೆಯ ಮೇಲೆ ಸಿಕ್ಕಿರಲಿಲ್ಲ. ತಂಡ ಚದುರಿತು, ವರ್ಷಗಳು ಉರುಳಿದವು, ನಾಟಕದ ಮನೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಈಗ ಅದನ್ನು ಕೆಡವಿ ವಾಹನ ನಿಲ್ಲಿಸುವ ಕಟ್ಟಡ ಕಟ್ಟುತ್ತಾರಂತೆ. ಕೆಡವುವ ಮೊದಲು ಹಳಬರೆಲ್ಲ ಸೇರಿ ಆ ಹಳೇ ರಾಜನ ನಾಟಕವನ್ನು ಕೊನೆಯ ಸಲ ಆಡಿಬಿಡೋಣ ಎಂದರು. ಬಾಗಿಲ ಕಾವಲುಗಾರನ ಪಾತ್ರ ಮಾಡುತ್ತಿದ್ದವನು ತೀರಿಹೋಗಿದ್ದ. ರಾಣಿಯ ಪಾತ್ರ ಮಾಡುವ, ನಾಟಕವನ್ನೂ ಆಡಿಸುವ ಟೀಚರಮ್ಮ ಒಂದು ದಿನ ಕನ್ನಡಕದ ಅಂಗಡಿಗೆ ಬಂದು, "ಆ ಒಂದು ಸಾಲು ನಿಮಗೇ ಕೊಟ್ಟಿದೀನಿ" ಎಂದಾಗ ಪಿಸುಮಾಮನ ಕೈಯಿಂದ ಗಾಜು ಜಾರಿ ಬಿದ್ದಿತ್ತು.

ಆ ಸಾಲು ಇವತ್ತು ಸಂಜೆ. ವಾರದಿಂದ ಗಂಟಲಲ್ಲೇ ಇದ್ದ ಕೆಮ್ಮು ಇವತ್ತು ಬೆಳಿಗ್ಗೆಯಿಂದ ಜೋರು.

ಕೆಮ್ಮು ಬೇರೆಯವರಿಗಾದರೆ ಬರೀ ಕೆಮ್ಮು. ಆ ನಾಟಕದ ಮನೆಯಲ್ಲಿ ಪಿಸುಮಾಮನ ಕೆಮ್ಮು ಆಜ್ಞೆ. ಪರದೆಯ ಹಗ್ಗ, ದೀಪದ ಗುಂಡಿ ಎರಡೂ ಲಿಫ್ಟಣ್ಣನ ಕೈಯಲ್ಲಿ. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟು ನಡೆಸಿ ನಿವೃತ್ತನಾದವನು. ವೇದಿಕೆಯ ಆಚೆಬದಿಯಲ್ಲಿ, ಮೇಲೆ, ಹಲಗೆಯ ಮೇಲೆ ಕೂರುತ್ತಾನೆ. ಅಲ್ಲಿಂದ ಅವನಿಗೆ ಪಿಸುಮಾಮ ಕಾಣುವುದಿಲ್ಲ, ವೇದಿಕೆಯೂ ಕಾಣುವುದಿಲ್ಲ. ಅದಕ್ಕೇ ಆ ಕಾಲದಲ್ಲೇ ಏರ್ಪಾಡು ಆಗಿತ್ತು: ಬಿಡಿಯಾಗಿ ಒಂದು ಕೆಮ್ಮಿಗೆ ದೀಪ ಆರಬೇಕು, ಒಟ್ಟಿಗೇ ಮೂರು ಬಂದರೆ ಪರದೆ ಮಾತ್ರ ಇಳಿಯಬೇಕು. ಪ್ರೇಕ್ಷಕರು ಯಾರೋ ಕೆಮ್ಮಿದರು ಎಂದುಕೊಳ್ಳುತ್ತಿದ್ದರು.

"ಮೊದಲು ಡಾಕ್ಟರ ಹತ್ರ ಹೋಗಿ ಬನ್ನಿ" ಎಂದು ಹೆಂಡತಿ ಬಿಸಿನೀರಿನ ಫ್ಲಾಸ್ಕನ್ನು ಹೆಗಲಿಗೆ ತಗುಲಿಹಾಕಿ, ಶಾಲೆಗೆ ಮಗುವನ್ನು ಕಳಿಸಿದಂತೆ ಕಳಿಸಿದಳು.

ಡಾಕ್ಟರು ಪಿಸುಮಾಮನ ಎದೆಗೆ ಕಿವಿಗೊಟ್ಟರು, ಬೆನ್ನು ಕುಟ್ಟಿದರು, ಪೆಪ್ಪರಮೆಂಟಿನ ಡಬ್ಬಿ ತೆಗೆದು ಒಂದನ್ನು ತಮ್ಮ ಬಾಯಿಗೇ ಹಾಕಿಕೊಂಡರು. "ನನಗೆ ಧೂಳು ಆಗಲ್ಲ" ಎಂದರು, ಯಾರೂ ಕೇಳದಿದ್ದರೂ.

"ಡಾಕ್ಟ್ರೇ, ಈ ಬಿಪಿ ಮಾತ್ರೆ ಶುರುವಾದ ಮೇಲೇ ಈ ಕೆಮ್ಮು. ನನಗೆ ಬಿಪಿ ಏನು ಆಕಾಶಕ್ಕೇರಿಲ್ಲ. ಕೋಪ ಅಂದ್ರೇನು ಅಂತ ಗೊತ್ತಿಲ್ಲದ ಮನುಷ್ಯ ನಾನು. ನಿಲ್ಲಿಸಿಬಿಡ್ಲಾ?"

"ನಿಲ್ಸೋ ಮಾತೇ ಬೇಡ. ಅದನ್ನ ಕೊಟ್ಟಿರೋದು ಬಿಪಿಗಿಂತ ಹೆಚ್ಚಾಗಿ ನಿಮ್ಮ ಕಿಡ್ನಿಗೆ. ಸಕ್ಕರೆ ಕಾಯಿಲೆ ಹಳೇದು. ಮೂತ್ರದಲ್ಲಿ ಪ್ರೋಟೀನು ಸೋರ್ತಿದೆ ಅಂತ ಪರೀಕ್ಷೇಲಿ ಬಂತಲ್ಲ?"

"ಬಿಪಿ ಮಾತ್ರೆಗೂ ಕಿಡ್ನಿಗೂ ಎಲ್ಲಿಗೆಲ್ಲಿಯ ನಂಟು?"

ಡಾಕ್ಟರು ಕುರ್ಚಿ ಮುಂದೆಳೆದುಕೊಂಡರು. "ನಿಮ್ಮ ನಾಟಕದ ಮನೇನೇ ತಗೊಳ್ಳಿ. ಕಿಡ್ನಿಯೊಳಗೆ ಅಂಥಾ ಸಣ್ಣ ಸಣ್ಣ ಕೋಣೆಗಳಿವೆ, ಜರಡಿ ಇದ್ದ ಹಾಗೆ. ಮುಂಬಾಗಿಲಿಂದ ರಕ್ತ ನುಗ್ಗುತ್ತೆ, ಹಿಂಬಾಗಿಲಿಂದ ಹೊರಗೆ ಹೋಗುತ್ತೆ. ಹಿಂಬಾಗಿಲು ಕಿರಿದಾಗಿ, ಮುಂದಿನಿಂದ ಜನ ನುಗ್ತಾನೇ ಇದ್ರೆ?"

ಪಿಸುಮಾಮನ ಕಣ್ಣ ಮುಂದೆ ಹಳೇ ಕಾಲ ಬಂದು ನಿಂತಿತು. ಆಗ ನಾಟಕವೆಂದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. "ಬೆಂಚು ಮುರೀತವೆ. ಗೋಡೆಗೆ ಒತ್ತಿಕೊಂಡು ನಿಂತೋರು ಕಿಟಕಿಯಿಂದ ಆಚೆ ಬೀಳ್ತಾರೆ. ಒಂದು ಸಲ ಬಿದ್ದಿದ್ರು."

"ಹಾಗೆ ಕಿಟಕಿಯಿಂದ ಬಿದ್ದೋನೇ ಈ ಪ್ರೋಟೀನು. ಒತ್ತಡ ಹೀಗೇ ಇದ್ರೆ ದಿನ ಕಳೆದ ಹಾಗೆ ಜರಡೀನೇ ಹರಿದುಹೋಗುತ್ತೆ. ಈ ಮಾತ್ರೆ ಏನ್ಮಾಡುತ್ತೆ, ಹಿಂಬಾಗಿಲನ್ನ ಒಂಚೂರು ಅಗಲ ಮಾಡುತ್ತೆ. ಒಳಗಿನ ನೂಕುನುಗ್ಗಲು ತಗ್ಗುತ್ತೆ. ಕಟ್ಟಡ ಬಾಳಿಕೆ ಬರುತ್ತೆ."

"ಆಹಾ! ಈ ಮಾತ್ರೇನ ಆ ಕಾಲದಲ್ಲಿ ನಮ್ಮ ಕಟ್ಟಡಕ್ಕೆ ಕೊಡಿಸಿದ್ರೆ... ಖೊಕ್... ಹಾಗಾದ್ರೆ ಈ ಕೆಮ್ಮು?"

"ಕೆಲವರಿಗೆ ಈ ಜಾತಿ ಮಾತ್ರೆ ಒಣಕೆಮ್ಮು ತರುತ್ತೆ. ಇದಕ್ಕೊಬ್ಬ ತಮ್ಮ ಇದಾನೆ. ಕಿಡ್ನಿಗೆ ಇದೇ ಕೆಲಸ ಮಾಡ್ತಾನೆ, ಗಂಟಲಿಗೆ ಕೈ ಹಾಕೋದು ಅಪರೂಪ. ನಾಳೆ ಬೆಳಿಗ್ಗೆಯಿಂದ ಇದರ ಬದಲು ಅವನನ್ನ ತಗೊಳ್ಳಿ. ಸ್ವಲ್ಪ ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ."

"ಹಾಗಾದ್ರೆ ಸಂಜೆ ಹೊತ್ತಿಗೆ ಕೆಮ್ಮು ಹೋಗಿರುತ್ತಾ?"

"ಮನೆಗೆ ಬಂದ ನೆಂಟ ಮುಖ ತಿರುಗಿಸಿದ ತಕ್ಷಣ ಹೋಗ್ತಾನಾ? ಇನ್ನೊಂದೆರಡು ವಾರ ಇದ್ದೇ ಹೋಗ್ತಾನೆ." ಪಿಸುಮಾಮನ ಮುಖ ಬಾಡಿದ್ದನ್ನು ನೋಡಿ ಡಾಕ್ಟರಿಗೆ ಮರುಕವಾಯಿತು. ಪೆಪ್ಪರಮೆಂಟಿನ ಡಬ್ಬಿಯನ್ನೇ ಎತ್ತಿ ಕೈಗಿಟ್ಟರು. "ತಗೊಳ್ಳಿ, ಇದರಲ್ಲಿ ಸಕ್ಕರೆ ಇಲ್ಲ. ಗಂಟಲು ಕೆರೆದಾಗೆಲ್ಲ ಒಂದು ಹಾಕ್ಕೊಳ್ಳಿ, ಸಂಜೆ ದಾಟಿಸಿಬಿಡಬಹುದು. ನಾನೂ ಬರ್ತೀನಿ, ಮುಂದಿನ ಸಾಲಲ್ಲೇ ಕೂರ್ತೀನಿ."

ಹೊರಗೆ ಬಂದರೆ ಬೇಕರಿಯವನು ಅಂಗಡಿಯ ಬಾಗಿಲಲ್ಲೇ ಹಿಡಿದುಕೊಂಡ. ನಾಟಕದ ರಾಜ ಅವನೇ. ಹಿಟ್ಟು ಮೆತ್ತಿದ ಕೈಯನ್ನೇ ಪಿಸುಮಾಮನ ಹೆಗಲಿಗೆ ಹಾಕಿ, "ಏನಂದ ನಿನ್ನ ಡಾಕ್ಟರು?" ಎಂದ. ಕತೆಯೆಲ್ಲ ಕೇಳಿ ಗಹಗಹಿಸಿ ನಕ್ಕ. "ಹಿಂಬಾಗಿಲಂತೆ, ಜರಡಿಯಂತೆ! ಆ ಪುಣ್ಯಾತ್ಮ ನನಗೂ ಬರೆದುಕೊಟ್ಟಿದಾನೆ, ನಿನಗೂ ಬಿಪಿ ಇದೆ ಅಂತ. ಚೀಟಿ ಒಲೆ ಹಿಂದೆ ಬಿದ್ದಿದೆ. ನನ್ನನ್ನ ನೋಡು, ಗೂಳಿ ಇದ್ದ ಹಾಗಿದೀನಿ! ಸುಮ್ನೆ ಒಂದಷ್ಟು ದಿನ ಮಾತ್ರೆ ಎಸೆದು ಹಾಯಾಗಿರು ಮಾರಾಯ."

ಪಿಸುಮಾಮ ಹೆಗಲ ಹಿಟ್ಟು ಕೊಡವಿಕೊಂಡರು. ಅವರಿಗೆ ಅಕ್ಕ ನೆನಪಾದಳು.

ನಾಟಕದ ಮನೆಯ ಆ ದೊಡ್ಡ ಕೆಂಪು ಪರದೆ ಅಕ್ಕ ಹೊಲಿದದ್ದು. ಒಂದು ಬೇಸಿಗೆಯಿಡೀ ಮನೆಯ ನಡುಕೋಣೆಯಲ್ಲಿ ಕೆಂಪು ಬಟ್ಟೆ ಗುಡ್ಡದಂತೆ ಬಿದ್ದಿತ್ತು. ತಮ್ಮಂದಿರು ಅದರ ಮೇಲೆ ಉರುಳಾಡಿ ಬೈಸಿಕೊಳ್ಳುತ್ತಿದ್ದರು. ಆಮೇಲೆ ಅಕ್ಕನಿಗೂ ಬಿಪಿ ಬಂತು. "ನನಗೇನಾಗಿದೆ, ಚೆನ್ನಾಗೇ ಇದೀನಲ್ಲ" ಎನ್ನುತ್ತ ಮಾತ್ರೆಗಳನ್ನೆಲ್ಲ ಹೊಲಿಗೆ ಮೆಷಿನ್ನಿನ ಡ್ರಾಯರಿಗೆ, ಗುಂಡಿಗಳ ಜೊತೆ ಹಾಕುತ್ತಿದ್ದಳಂತೆ. ಕಿಡ್ನಿ ಕೈಕೊಟ್ಟ ಮೇಲೆಯೇ ಗೊತ್ತಾದದ್ದು. ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿಕೊಂಡೂ ತಮಾಷೆ ಬಿಟ್ಟಿರಲಿಲ್ಲ: "ನನ್ನ ಮೆಷಿನ್ನು ಬಟ್ಟೆ ಹೊಲೀತಿತ್ತು ಕಣೋ, ಈ ಮೆಷಿನ್ನು ನನ್ನನ್ನೇ ಹೊಲೀತಿದೆ."

"ಮಾತ್ರೆ ಬಿಡಲ್ಲ ಕಣೋ" ಎಂದರು ಪಿಸುಮಾಮ. "ಕೆಮ್ಮನ್ನೇ ನುಂಗ್ತೀನಿ."

ಮಧ್ಯಾಹ್ನದ ತಾಲೀಮಿನಲ್ಲಿ ನುಂಗಲಾಗಲಿಲ್ಲ. ರಾಣಿ ಕಿರೀಟ ಹೊತ್ತು, "ಮಹಾಪ್ರಭೂ, ಈ ಸಿಂಹಾಸನ..." ಎನ್ನುವಾಗ ಒಂದು ಕೆಮ್ಮು ತಪ್ಪಿಸಿಕೊಂಡಿತು. ದೀಪ ಆರಿತು. ಕತ್ತಲಲ್ಲಿ ಟೀಚರಮ್ಮ ಸಿಂಹಾಸನವನ್ನು ಎಡವಿ ರಾಜನ ತೊಡೆಯ ಮೇಲೆ ಕುಳಿತರು. "ದೀಪ! ದೀಪ!" ಎಂದು ಕೂಗಾಟ. ದೀಪ ಬರುವಷ್ಟರಲ್ಲಿ ಪಿಸುಮಾಮನಿಗೆ ಧೂಳು ಸೇರಿ ಮೂರು ಕೆಮ್ಮು ಒಟ್ಟಿಗೇ ಬಂದವು. ಪರದೆಯ ಅಡಿಯ ಮರದ ದಿಂಡು ದಡಾರನೆ ಇಳಿದು, ಎದ್ದು ಮುಂದೆ ಬಂದಿದ್ದ ಬೇಕರಿ ರಾಜನ ಕಿರೀಟವನ್ನು ಮೂಗಿನವರೆಗೆ ಕೂರಿಸಿತು.

"ಸರಿಯಾಗಿ ಬಂತಾ?" ಎಂದು ಮೇಲಿನಿಂದ ಲಿಫ್ಟಣ್ಣನ ದನಿ. "ಇನ್ನು ಮೇಲಕ್ಕಾ, ಕೆಳಕ್ಕಾ?"

"ನಿನ್ನ ತಲೆ!" ಎಂದ ರಾಜ ಕಿರೀಟದ ಒಳಗಿನಿಂದ.

ಸನ್ನೆಯನ್ನೇ ಬದಲಿಸೋಣ ಎಂದು ತೀರ್ಮಾನವಾಯಿತು. ಕರವಸ್ತ್ರ ಬೀಸಿದರೆ ಲಿಫ್ಟಣ್ಣನಿಗೆ ಕಾಣುವುದಿಲ್ಲ. ಗಂಟೆ ಹೊಡೆದು ನೋಡಿದರು. ಅಷ್ಟರಲ್ಲಿ ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು, ಪರದೆ ಬಿತ್ತು. ಶಿಳ್ಳೆ ಆಗದು, ಕೊನೆಯ ದೃಶ್ಯಕ್ಕೆ ಶಿಳ್ಳೆ ಬಿದ್ದರೆ ಮಾನ ಹೋಗುತ್ತದೆ. ಕೊನೆಗೆ ಲಿಫ್ಟಣ್ಣ ಮೇಲಿನಿಂದಲೇ ಕೈಮುಗಿದ. "ನನ್ನ ಕೈಗೆ ಕೆಮ್ಮಿನ ಭಾಷೆ ಬಿಟ್ಟು ಬೇರೆ ಬರಲ್ಲ ತಾಯಿ. ಈ ವಯಸ್ಸಲ್ಲಿ ಹೊಸದು ಕಲಿಸ್ಬೇಡಿ."

ಟೀಚರಮ್ಮ ಪಿಸುಮಾಮನ ಕಡೆ ತಿರುಗಿದರು. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಅವರ ತೋರುಬೆರಳು ನಿವೃತ್ತಿಯಾಗಿರಲಿಲ್ಲ. "ನೋಡಿ, ಸಂಜೆ ತುಟಿ ಪಿಟಕ್ಕೆನ್ನಬಾರದು. ನಿಮ್ಮ ಸಾಲು ಆಗಿ ದೊರೆ ಸತ್ತ ಮೇಲೆ ದೀಪಕ್ಕೊಂದು, ಪರದೆಗೆ ಮೂರು, ಅಷ್ಟೇ. ಅದಕ್ಕೆ ಮೊದಲು ಒಂದೇ ಒಂದು ಕೆಮ್ಮು ಬಂದ್ರೆ ಆ ಸಾಲನ್ನ ದೊರೆ ಕೈಲೇ ಹೇಳಿಸ್ತೀನಿ."

"ನನ್ನ ಸಾಲು..." ಎಂದರು ಪಿಸುಮಾಮ. ಒಂದು ಪೆಪ್ಪರಮೆಂಟು ತೆಗೆದು ಬಾಯಿಗೆ ಹಾಕಿಕೊಂಡರು. ಅದು ಕೆಮ್ಮಿಗಲ್ಲ.

ಸಂಜೆ ನಾಟಕದ ಮನೆ ತುಂಬಿತು. ಎಲ್ಲಿದ್ದರೋ ಏನೋ, ಹಳೇ ಮುಖಗಳೆಲ್ಲ ಬಂದಿದ್ದವು. ಕೆಲವರು ಕೋಲೂರಿಕೊಂಡು, ಕೆಲವರು ಮೊಮ್ಮಕ್ಕಳ ಕೈ ಹಿಡಿದು. ತಾವು ಆಗ ಕೂರುತ್ತಿದ್ದ ಜಾಗಗಳನ್ನೇ ಹುಡುಕಿಕೊಂಡು ಕುಳಿತರು. ಪಿಸುಮಾಮ ತಮ್ಮ ಮರೆಯಲ್ಲಿ ನಿಂತು ಮರದ ಕಂಬವನ್ನು ತಡವಿದರು. ಎಷ್ಟೋ ವರ್ಷ ಅವರ ಹೆಗಲು ಒರಗಿ ಒರಗಿ ಅಲ್ಲಿ ಮರ ನುಣುಪಾಗಿ ತಗ್ಗಿತ್ತು. ಹೆಗಲು ಇಟ್ಟರೆ ಈಗಲೂ ಸರಿಯಾಗಿ ಕೂತಿತು. ಕಂಬ ಅವರನ್ನು ಮರೆತಿರಲಿಲ್ಲ.

ನಾಟಕ ಶುರುವಾಯಿತು. ಪಿಸುಮಾಮ ಬಲದವಡೆಗೊಂದು ಎಡದವಡೆಗೊಂದು ಪೆಪ್ಪರಮೆಂಟು ಇಟ್ಟುಕೊಂಡು ನಿಂತರು. ಗಂಟಲಲ್ಲಿ ಇರುವೆ ಸಾಲು ಹೊರಟಂತೆ ಆಗುವುದು, ಹಲ್ಲು ಕಚ್ಚುವರು. ಮುಖ ಕೆಂಪಗಾಗುವುದು, ಫ್ಲಾಸ್ಕಿನಿಂದ ಒಂದು ಗುಟುಕು. ಕಣ್ಣಲ್ಲಿ ನೀರು ಧಾರಾಕಾರ. ರಾಣಿಯ ಅಳುವಿನ ಮಾತು ಮುಗಿಸಿ ಒಳಗೆ ಬಂದ ಟೀಚರಮ್ಮ ಅದನ್ನು ನೋಡಿ ಮೆತ್ತಗಾದರು. "ಅಷ್ಟು ಚೆನ್ನಾಗಿ ಮಾಡಿದ್ನಾ?" ಪಿಸುಮಾಮ ಬಾಯಿ ತೆರೆಯಲಾರದೆ ತಲೆಯಾಡಿಸಿದರು.

ಒಂದು ಕೆಮ್ಮೂ ಬರಲಿಲ್ಲ. ಡಬ್ಬಿ ಖಾಲಿಯಾಗುತ್ತ ಬಂತು, ದೃಶ್ಯಗಳೂ ಮುಗಿಯುತ್ತ ಬಂದವು.

ಕೊನೆಯ ದೃಶ್ಯ. ಪಿಸುಮಾಮ ಉದ್ದನೆಯ ಅಂಗಿ ತೊಟ್ಟು, ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ಲಾಟೀನು ಹಿಡಿದು, ಜೀವನದಲ್ಲಿ ಮೊದಲ ಸಲ ಮರೆಯಿಂದ ಬೆಳಕಿಗೆ ಕಾಲಿಟ್ಟರು. ರಾಜ್ಯ ಕಳೆದುಕೊಂಡ ರಾಜ ಸಿಂಹಾಸನದಲ್ಲಿ ಕುಸಿದು ಕುಳಿತಿದ್ದ. ರಾಜನ ವೇಷದಲ್ಲಿ ಅವನ ಮುಖ ಇವತ್ತು ಮೊದಲ ಬಾರಿಗೆ ಎದುರಿನಿಂದ ಕಂಡಿತು. ಸಭೆಯಲ್ಲಿ ಉಸಿರಾಟದ ಸದ್ದೂ ಇಲ್ಲ. ಮೂರನೇ ಸಾಲಿನಲ್ಲಿ ಹೆಂಡತಿ ತುಟಿಯಲ್ಲೇ ಆ ಸಾಲನ್ನು ಹೇಳಿಕೊಳ್ಳುತ್ತಿದ್ದಳು. ಗಂಟಲು ತಿಳಿಯಾಗಿತ್ತು. ಪಿಸುಮಾಮ ಎದೆ ಸೆಟೆಸಿದರು, ಬಾಯಿ ತೆರೆದರು.

"ಖೊಕ್. ಖೊಕ್. ಖೊಕ್."

ಅವರದಲ್ಲ. ಮುಂದಿನ ಸಾಲಿನದು. ಅಲ್ಲಿ ಡಾಕ್ಟರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಮೇಲೆ ಮಾಡಿಕೊಂಡು, ಜೇಬಿನಲ್ಲಿ ಇಲ್ಲದ ಡಬ್ಬಿಯನ್ನು ತಡಕುತ್ತಿದ್ದರು.

ಮೇಲೆ ಲಿಫ್ಟಣ್ಣ ಹಗ್ಗ ಬಿಟ್ಟ. ಅಕ್ಕ ಹೊಲಿದ ಪರದೆ ತನ್ನ ಕೆಂಪು ಭಾರವನ್ನೆಲ್ಲ ಹೊತ್ತು, ಪಿಸುಮಾಮನ ಮೂಗಿನ ಮುಂದೆಯೇ ದಡಾರನೆ ಇಳಿಯಿತು. ಹಗ್ಗ ರಾಟೆಯಿಂದ ಕಳಚಿ ಹಾವಿನಂತೆ ಸುರುಳಿಯಾಗಿ ಬಿತ್ತು.

ಆಮೇಲೆ ಆಚೆಯಿಂದ ಚಪ್ಪಾಳೆಯ ಮಳೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಬೆಂಚು ಕುಟ್ಟಿದರು. "ಎಂಥಾ ಮುಕ್ತಾಯ! ಒಂದು ಮಾತಿಲ್ಲ ನೋಡಿ!" ಎಂದು ಯಾರೋ ಅತ್ತುಕೊಂಡೇ ಹೇಳಿದ್ದು ಕೇಳಿಸಿತು. ಪಿಸುಮಾಮನ ಸಾಲು ಇಲ್ಲದ್ದನ್ನು ಯಾರೂ ಗಮನಿಸಿರಲಿಲ್ಲ.

ಪರದೆಯ ಈಚೆ ಮಾತ್ರ ಬೇರೆಯೇ ನಾಟಕ.

"ಮೂರು! ನಾನೇ ಎಣಿಸಿದೆ!" ಎಂದು ಟೀಚರಮ್ಮ ನುಗ್ಗಿ ಬಂದರು.

"ನಾನಲ್ಲ..."

"ಬೆಳಿಗ್ಗೆಯಿಂದ ಕೆಮ್ಮಿದ್ದು ಯಾರು, ನನ್ನ ಸಿಂಹಾಸನಾನಾ?" ಎಂದ ರಾಜ. "ಸಾಯೋಕೂ ಬಿಡ್ಲಿಲ್ವಲ್ಲೋ! ಎಷ್ಟು ಚೆನ್ನಾಗಿ ಸಾಯ್ಬೇಕು ಅಂತಿದ್ದೆ!"

"ಮತ್ತೆ ಎತ್ತು ಪರದೆ" ಎಂದು ಟೀಚರಮ್ಮ ಮೇಲೆ ನೋಡಿ ಕೂಗಿದರು.

"ಹಗ್ಗ ಕಳಚಿದೆ ತಾಯಿ. ಇದು ಇನ್ನು ಕೆಳಕ್ಕೇ."

ಅಷ್ಟರಲ್ಲಿ ಹಿಂಬಾಗಿಲಿಂದ ಡಾಕ್ಟರು ನುಸುಳಿ ಬಂದರು. ಪಿಸುಮಾಮನ ತೋಳು ಹಿಡಿದು, ಬಣ್ಣ ಬಳಿದ ಹಲಗೆಯ ತೋಟದ ಹಿಂದಕ್ಕೆ ಎಳೆದುಕೊಂಡು ಹೋದರು.

"ಕ್ಷಮಿಸಿಬಿಡಿ. ನಾನೂ ಅದೇ ಮಾತ್ರೆ ತಗೊಳ್ಳೋದು. ವರ್ಷವಾಯ್ತು."

"ನೀವೂನಾ? ಧೂಳು ಅಂದ್ರಲ್ಲ!"

"ನನಗೆ ನಾನೇ ಹಾಗೆ ಹೇಳ್ಕೊಂಡು ಬಂದೆ."

"ನನಗೆ ಬದಲಿಸಿಕೊಟ್ಟ ಹಾಗೆ ನೀವೂ ಬದಲಿಸ್ಕೋಬಹುದಿತ್ತಲ್ಲ ಡಾಕ್ಟ್ರೇ!"

"ನನ್ನ ಡಾಕ್ಟರು ನಾನೇ ಅಲ್ವಾ. ಅವನು ನನ್ನ ಮಾತು ಕೇಳಲ್ಲ." ಡಾಕ್ಟರು ಹಣೆ ಒರೆಸಿಕೊಂಡರು. "ಪೆಪ್ಪರಮೆಂಟಿನಲ್ಲೇ ದಿನ ದೂಡ್ತಿದ್ದೆ. ಇವತ್ತು ಡಬ್ಬಿ ನಿಮಗೆ ಕೊಟ್ಟುಬಿಟ್ಟೆ."

ಪಿಸುಮಾಮ ಜೇಬಿನಿಂದ ಡಬ್ಬಿ ತೆಗೆದು ಅಲ್ಲಾಡಿಸಿದರು. ಒಂದು ಉಳಿದಿತ್ತು. ಡಾಕ್ಟರು ಅದನ್ನು ಬಾಯಿಗೆ ಹಾಕಿಕೊಂಡರು.

"ಒಂದು ಉಪಕಾರ ಆಗ್ಬೇಕು. ಇದನ್ನ ಯಾರಿಗೂ ಹೇಳ್ಬೇಡಿ. ಡಾಕ್ಟರೇ ಕೆಮ್ಮಿ ನಾಟಕ ಕೆಡಿಸಿದ ಅಂತ ಗೊತ್ತಾದ್ರೆ ನಾಳೆ ಅರ್ಧ ಬೀದಿ ಮಾತ್ರೇನ ಮೋರಿಗೆ ಸುರೀತಾರೆ. ಮೊದಲು ಸುರಿಯೋನು ನಿಮ್ಮ ರಾಜ. ಅವನ ಬಿಪಿ ನೋಡಿದ್ರೆ ನನಗೇ ಬಿಪಿ ಬರುತ್ತೆ. ಮತ್ತೆ..." ಅವರು ತೋಟದ ಸಂದಿಯಿಂದ ಇಣುಕಿದರು. "ಟೀಚರಮ್ಮ. ಅವರ ಪಾಠದ ಮಧ್ಯೆ ಕೆಮ್ಮಿದ್ದಕ್ಕೆ ಬೆಂಚಿನ ಮೇಲೆ ನಿಂತವನು ನಾನು. ಇವತ್ತೂ ನಿಲ್ಲಿಸ್ತಾರೆ. ನೀವು ಒಂದು ಮಾತೂ ಆಡ್ಬಾರದು."

ಇಡೀ ಆಯುಷ್ಯದಲ್ಲಿ ಒಂದೇ ಒಂದು ಮಾತಾಡಬೇಕೆಂದಿದ್ದ ಮನುಷ್ಯ ಪರದೆಯನ್ನೊಮ್ಮೆ ನೋಡಿದರು. ಅಕ್ಕನ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಗುಂಡಿಗಳ ನಡುವೆ ಬಿದ್ದಿದ್ದ ಮಾತ್ರೆಗಳು ಕಣ್ಣಿಗೆ ಕಟ್ಟಿದವು. ಅವರು ತೋಟದ ಮರೆಯಿಂದ ಹೊರಗೆ ಬಂದರು.

"ಕೆಮ್ಮಿದ್ದು ನಾನೇ" ಎಂದರು.

"ಮತ್ತೆ ಅಲ್ಲ ಅಂದ್ರಿ?" ಟೀಚರಮ್ಮನ ಬೆರಳು ಎದ್ದಿತು.

"ಹೆದರಿಕೆಗೆ ಹಾಗಂದೆ."

"ನೋಡಿದ್ರಾ? ಅದಕ್ಕೇ ನಾನು ಆ ಮಾತ್ರೆ ಮುಟ್ಟಲ್ಲ" ಎಂದ ಬೇಕರಿ ರಾಜ.

"ಮುಟ್ಬೇಕು ಕಣೋ" ಎಂದರು ಪಿಸುಮಾಮ. ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಕೆಮ್ಮು ಬಂದ್ರೆ ಮಾತ್ರೆ ಬದಲಿಸ್ಕೋಬಹುದು, ನಾಳೆಯಿಂದ ನಾನು ಬದಲಿಸ್ತಿಲ್ವಾ? ಕಿಡ್ನೀನ ಹಾಗೆ ಬದಲಿಸೋಕಾಗುತ್ತಾ? ನಮ್ಮಕ್ಕನ್ನ ನೋಡಿದೀಯಲ್ಲ ನೀನು. ಒಲೆ ಹಿಂದೆ ಬಿದ್ದಿರೋ ಆ ಚೀಟಿ ತೆಗಿ."

ಅಕ್ಕನ ಮಾತು ಬಂದದ್ದಕ್ಕೆ ರಾಜ ತನ್ನ ಅಂಗಿಯ ಅಂಚನ್ನು ಮುಟ್ಟಿಕೊಂಡ. ಅವನ ಪಟ್ಟಾಭಿಷೇಕದ ಮೊದಲ ಅಂಗಿ ಹೊಲಿದದ್ದೂ ಅವಳೇ. "ಅರ್ಧ ಸುಟ್ಟಿರುತ್ತೆ ಅದು" ಎಂದ.

"ಇನ್ನೊಂದು ಬರೆದುಕೊಡ್ತೀನಿ" ಎಂದರು ಡಾಕ್ಟರು ಬಾಯಲ್ಲಿ ಪೆಪ್ಪರಮೆಂಟು ಹೊರಳಿಸುತ್ತ, ತುಂಬಾ ಬೇಗ.

ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಟೀಚರಮ್ಮ ಕಿರೀಟವನ್ನು ಚೀಲಕ್ಕೆ ತುಂಬಿಕೊಂಡು, ಪಿಸುಮಾಮನ ಕಡೆ ತಿರುಗಿಯೂ ನೋಡದೆ ಹೋದರು. ಬೆಂಚುಗಳು ಖಾಲಿಯಾದವು. ಮೂರನೇ ಸಾಲಿನಲ್ಲಿ ಹೆಂಡತಿಯೊಬ್ಬಳೇ ಕುಳಿತಿದ್ದಳು.

ಪಿಸುಮಾಮ ಪರದೆಯ ಅಂಚನ್ನು ಸರಿಸಿಕೊಂಡು ಅದರ ಮುಂದೆ ಬಂದು ನಿಂತರು. ದೀಪ ಇನ್ನೂ ಉರಿಯುತ್ತಿತ್ತು. ಕೈಯಲ್ಲಿ ಈಟಿ ಇತ್ತು, ಲಾಟೀನು ಇತ್ತು. ಮುಂದಿನ ವಾರ ಈ ನೆಲವೂ ಇರುವುದಿಲ್ಲ. ಅವರು ಹೆಂಡತಿಯ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕುಳಿತು, ಸಭೆಯಾದಳು.

ಪಿಸುಮಾಮ ಎದೆ ಸೆಟೆಸಿದರು.

"ದೊರೆಯೇ, ಎಲ್ಲರೂ ಹೋದರು." ದನಿ ಖಾಲಿ ಬೆಂಚುಗಳ ಮೇಲೆ ಹಾದು, ಹಿಂದಿನ ಗೋಡೆ ಮುಟ್ಟಿ ಮರಳಿ ಬಂತು. ಅಷ್ಟು ದೊಡ್ಡ ದನಿ ತಮ್ಮೊಳಗಿತ್ತೆಂದು ಅವರಿಗೇ ಗೊತ್ತಿರಲಿಲ್ಲ. "ಇನ್ನು ದೀಪ..."

ಪೆಪ್ಪರಮೆಂಟು ಮುಗಿದಿತ್ತು. ಬೆಳಿಗ್ಗೆಯಿಂದ ನುಂಗಿಕೊಂಡು ಬಂದದ್ದು ಗಂಟಲಿಗೆ ಏರಿತು.

"ಖೊಕ್!"

ದೀಪ ಆರಿತು.

ಕತ್ತಲಲ್ಲಿ ಮೂರನೇ ಸಾಲಿನಿಂದ ಹೆಂಡತಿ, ಅವರು ಮಾತು ಮರೆತರೇನೋ ಎಂದು, ಮೆಲ್ಲಗೆ, ಪಿಸುದನಿಯಲ್ಲಿ ಎತ್ತಿಕೊಟ್ಟಳು:

"ಆರಿಸಲೇ..."

"ಆರಿಸಿ ಆಯ್ತಲ್ಲಮ್ಮಾ!" ಎಂದ ಮೇಲಿನಿಂದ ಲಿಫ್ಟಣ್ಣ. "ನಾನಿನ್ನು ಕೆಳಕ್ಕೆ ಬರ್ಲಾ?"